ಕಂಪನಿಯ ಮಹಾಸಭೆಯಲ್ಲಿ ಸಣ್ಣ ಷೇರುದಾರನ ಮತ

ಮಾರ್ಚಿ ತಿಂಗಳಿಗೆ ಲೆಕ್ಕ ಮುಗಿಸುವ ಕಂಪನಿಗಳು ಸಾಮಾನ್ಯವಾಗಿ ಸೆಪ್ಟೆಂಬರ್ ೩೦ರೊಳಗಾಗಿ ತಮ್ಮ ವಾರ್ಷಿಕ ಮಹಾಸಭೆಯನ್ನು ನಡೆಸತಕ್ಕದ್ದೆಂದು ಕಾನೂನಿದೆ. ಆ ದಿನಗಳಲ್ಲಿ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ವರ್ತಕರು, ವಕೀಲರು, ಪಿಂಚಣಿದಾರರು ಮುಂತಾದವರಲ್ಲಿ ಷೇರು ಕೊಂಡವರಿಗೆ ಸಭೆಯ ನೋಟೀಸುಗಳು ಬಂದು ಬೀಳುತ್ತವೆ. ಅವನ್ನು ಪೂರ್ತಿಯಾಗಿ ಓದುವವರು ವಿರಳ. ಡಿವಿಡೆಂಡು ಎಷ್ಟೆಂಬುದೊಂದನ್ನು ತಿಳಿದುಕೊಂಡು ಸುಮ್ಮನಾಗುವವರೇ ಹೆಚ್ಚು. "ನನ್ನ ಹತ್ತು ಷೇರಿನಿಂದ ಆಗತಕ್ಕದ್ದೇನು?" ಎಂಬುದು ಅವರ ವಾದ. ಈ ವಾದದಲ್ಲಿ ಅರ್ಧ ಮಾತ್ರ ನಿಜವಿದೆಯೆಂಬುದನ್ನು ವಾಚಕರ ಮುಂದಿಡಬಯಸುತ್ತೇವೆ.

ನಮ್ಮ ಜನರಿಗೆ ಬಹುಕಾಲದಿಂದ ಪರಿಚಿತವಾಗಿರುವುದು ಸಹಕಾರ ಸಂಘದ ಸಭೆ. ೧೯೦೫ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಂಘವು ಹುಟ್ಟಿದ ಕಾಲದಿಂದಲೂ ಸಹಕಾರದ ಮೂಲತತ್ತ್ವ ಒಂದೇ: ಒಬ್ಬ ಸದಸ್ಯನಿಗೆ ಒಂದು ಮತ. ಹಿರಿಯೂರಿನ ವಾಣಿವಿಲಾಸ ಸಹಕಾರಿ ಸಕ್ಕರೆ ಕಾರ್ಖಾನೆಯು ಬಾಗಿಲು ಮುಚ್ಚಿ ಬಹುಕಾಲವಾಗಿದೆ. ಆದರೆ ಸಹಕಾರಿ ಕಾರ್ಖಾನೆಯಲ್ಲಿ ಒಂದು ಷೇರಿನ ಕಬ್ಬಿನ ರೈತನೂ ನೂರು ಷೇರಿನ ಧನಿಕನೂ ಮತದಲ್ಲಿ ಸಮಾನರೆಂಬುದನ್ನು ಅಲ್ಲಿನ ಹಿರಿಯರಿಗೆ ಹೇಳಿಕೊಡಬೇಕಾಗಿಲ್ಲ. ಕಂಪನಿಯ ಧರ್ಮ ಬೇರೆ. ೨೦೧೩ರ ಕಂಪನಿಗಳ ಕಾಯಿದೆಯ ೪೭ನೆಯ ಕಲಮಿನಂತೆ, ಮತವು ಷೇರು ಬಂಡವಾಳದಲ್ಲಿ ಸದಸ್ಯನಿಗಿರುವ ಪಾಲನ್ನು ಅನುಸರಿಸುತ್ತದೆ. ಅಲ್ಲಿ ಓಟು ಮನುಷ್ಯನದಲ್ಲ, ಷೇರಿನದು.

ಹಾಗಿದ್ದರೂ ಕೈಯೆತ್ತಿ ಮತ ಕೊಡುವ ಹಳೆಯ ಪದ್ಧತಿಯೊಂದು ಕಾಯಿದೆಯಲ್ಲಿ ಉಳಿದುಬಂದಿದೆ. ಸಭೆಯಲ್ಲಿ ತಲಾ ಹತ್ತು ಷೇರಿನ ಇಪ್ಪತ್ತೊಂಬತ್ತು ಮಂದಿ, ಲಕ್ಷ ಷೇರಿನ ಒಬ್ಬ ದೊರೆ ಕುಳಿತಿರುವರೆಂದು ಭಾವಿಸೋಣ. ಕೈಯೆತ್ತಿದರೆ ಇಪ್ಪತ್ತೊಂಬತ್ತಕ್ಕೆ ಒಂದು, ದೊರೆ ಸೋತನು. ಕೂಡಲೇ ಆತನು ಎದ್ದು "ಪೋಲ್ ನಡೆಯಲಿ" ಎಂದು ಕೇಳಬಹುದು. ಮತಶಕ್ತಿಯ ಹತ್ತನೆಯ ಒಂದು ಪಾಲಾಗಲಿ, ಐದು ಲಕ್ಷ ರೂಪಾಯಿಗೆ ಕಡಮೆಯಿಲ್ಲದೆ ಹಣ ಸಂದಾಯವಾದ ಷೇರುಗಳಾಗಲಿ ಇದ್ದವರು ಹಾಗೆ ಕೇಳಿದರೆ ಅಧ್ಯಕ್ಷರು ಒಪ್ಪಲೇಬೇಕು. ಆಗ ಲೆಕ್ಕ ಇನ್ನೂರತೊಂಬತ್ತಕ್ಕೆ ಲಕ್ಷ! ಬರಲಾಗದವನು ಕಳಿಸುವ ಪ್ರಾಕ್ಸಿಗೂ ಪೋಲಿನಲ್ಲಿ ಮಾತ್ರ ಮತವುಂಟು. ಸಭೆಯಲ್ಲಿ ಆತನು ಮಾತನಾಡುವಂತಿಲ್ಲ, ಕೈಯೆತ್ತುವಂತೆಯೂ ಇಲ್ಲ.

ಷೇರುಪೇಟೆಯಲ್ಲಿ ನಮೂದಾದ ಕಂಪನಿಗಳಲ್ಲಿ ಈಗ ಈ ಕೈಯೆತ್ತುವ ಆಟ ನಿಂತಿದೆ. ಅವು ಷೇರುದಾರನಿಗೆ ಮನೆಯಿಂದಲೇ ವಿದ್ಯುನ್ಮಾನ ಮತದಾನದ ಅನುಕೂಲ ಕೊಡತಕ್ಕದ್ದು. ಮತದ ಬಾಗಿಲು ಕಡೆಯ ಪಕ್ಷ ಮೂರು ದಿನ ತೆರೆದಿದ್ದು, ಸಭೆಯ ಹಿಂದಿನ ದಿನ ಸಂಜೆ ಐದು ಗಂಟೆಗೆ ಮುಚ್ಚುತ್ತದೆ. ಹೀಗೆ ಮತ ಹಾಕಿದವನು ಸಭೆಗೆ ಬಂದು ಮಾತನಾಡಬಹುದು, ಮತ್ತೊಮ್ಮೆ ಮತ ಹಾಕುವಂತಿಲ್ಲ. ಸಭೆಗೆ ಏಳು ದಿನದೊಳಗಿನ ಒಂದು ನಿಗದಿಯಾದ ದಿನದಂದು ಯಾರ ಹೆಸರಿನಲ್ಲಿ ಷೇರಿತ್ತೋ ಅವರಿಗೇ ಮತ. ಮರುದಿನ ಷೇರನ್ನು ಮಾರಿದವನಿಗೂ ಮತ ಉಳಿದಿರುತ್ತದೆ. ವಿಚಿತ್ರವೇ ಸರಿ, ಆದರೆ ಎಲ್ಲಾದರೂ ಒಂದು ಗೆರೆ ಎಳೆಯಲೇಬೇಕಷ್ಟೆ.

ಸಣ್ಣವನ ವಾದದಲ್ಲಿ ತಪ್ಪಿರುವುದು ಇಲ್ಲಿ. ಎಣಿಕೆಗೆ ಬರುವುದು ಚಲಾಯಿಸಿದ ಮತಗಳು ಮಾತ್ರ. ಸುಮ್ಮನಿದ್ದವನು ಪರವೂ ಅಲ್ಲ, ವಿರೋಧವೂ ಅಲ್ಲ. ಸಾಮಾನ್ಯ ಗೊತ್ತುವಳಿಗೆ ವಿರೋಧಕ್ಕಿಂತ ಪರ ಹೆಚ್ಚಾದರೆ ಸಾಕು. ವಿಶೇಷ ಗೊತ್ತುವಳಿಗೆ ಪರದ ಮತ ವಿರೋಧದ ಮೂರರಷ್ಟಾದರೂ ಇರಬೇಕು. ಅಂದರೆ ಕಾಲುಭಾಗಕ್ಕಿಂತ ತುಸು ಹೆಚ್ಚು ವಿರೋಧವೇ ಅದನ್ನು ತಡೆಯಬಲ್ಲದು. ಇದಲ್ಲದೆ, ಕಂಪನಿಯು ತನ್ನ ಒಡೆಯರ ಬೇರೆ ಸಂಸ್ಥೆಗಳೊಡನೆ ದೊಡ್ಡ ವ್ಯವಹಾರ ನಡೆಸುವಾಗ ಆ ಸಂಬಂಧಿಗಳು ಅದರ ಪರವಾಗಿ ಮತ ಹಾಕುವಂತಿಲ್ಲ. ೨೦೧೪ರ ನವೆಂಬರಿನಲ್ಲಿ ಬೆಂಗಳೂರಿನ ಯುನೈಟೆಡ್ ಸ್ಪಿರಿಟ್ಸ್ ಕಂಪನಿಯ ವಿಶೇಷ ಮಹಾಸಭೆಯಲ್ಲಿ, ವಿಜಯ ಮಲ್ಯರ ಸಮೂಹದ ಸಂಸ್ಥೆಗಳೊಡನೆ ಮಾಡಿಕೊಂಡ ಒಪ್ಪಂದಗಳಲ್ಲಿ ಹೆಚ್ಚಿನವು ಷೇರುದಾರರ ಮತದಲ್ಲಿ ಬಿದ್ದುಹೋದುವು.

ನಮ್ಮ ಜಿಲ್ಲೆಗೆ ಇನ್ನೂ ಹತ್ತಿರದ ನಿದರ್ಶನವೊಂದಿದೆ. ಚಿತ್ರದುರ್ಗದ ಕಬ್ಬಿಣದ ಅದಿರನ್ನು ತೆಗೆಯುವ ವೇದಾಂತ ಕಂಪನಿಯ ಒಡೆಯರು ೨೦೨೦ರಲ್ಲಿ ಅದನ್ನು ಷೇರುಪೇಟೆಯಿಂದ ಹೊರತೆಗೆಯಲು ಹೊರಟರು. ಅದಕ್ಕೆ ವಿಶೇಷ ಗೊತ್ತುವಳಿಯಲ್ಲದೆ, ಒಡೆಯರನ್ನು ಬಿಟ್ಟು ಉಳಿದ ಷೇರುದಾರರಲ್ಲಿ ಪರದ ಮತ ವಿರೋಧದ ಎರಡರಷ್ಟಾದರೂ ಇರಬೇಕೆಂಬ ನಿಯಮವಿತ್ತು. ಜೂನ್ ತಿಂಗಳಲ್ಲಿ ಆ ಒಪ್ಪಿಗೆ ದೊರೆಯಿತು. ಆದರೆ ಷೇರುಗಳನ್ನು ಒಪ್ಪಿಸುವ ಹೊತ್ತಿಗೆ, ೮೭.೨೫ ರೂಪಾಯಿಯ ಮೂಲಬೆಲೆಗೆ ಎದುರಾಗಿ ಜೀವವಿಮಾ ನಿಗಮವು ೩೨೦ ರೂಪಾಯಿ ಕೇಳಿತು. ಒಡೆಯರ ಪಾಲು ಶೇಕಡ ೯೦ ಮುಟ್ಟುವಷ್ಟು ಷೇರುಗಳು ಬರಲಿಲ್ಲ. ಅಕ್ಟೋಬರಿನಲ್ಲಿ ಯತ್ನ ಮುರಿದುಬಿತ್ತು. ಹೊಳಲ್ಕೆರೆಯ ಷೇರುದಾರನು ಜೂನಿನ ಮತಕ್ಕಾಗಿ ಮುಂಬಯಿಗೆ ಹೋಗಬೇಕಾಗಿರಲಿಲ್ಲ. ನೋಟೀಸನ್ನು ಓದಿದ್ದರೆ ಸಾಕಾಗಿತ್ತು.

ಮ್ಯೂಚುಯಲ್ ಫಂಡಿನಲ್ಲಿ ಹಣವಿಟ್ಟವರ ಪರವಾಗಿ ಫಂಡೇ ಮತ ಹಾಕುತ್ತದೆ. ೨೦೨೨ರ ಏಪ್ರಿಲ್ ೧ರಿಂದ ಎಲ್ಲ ಗೊತ್ತುವಳಿಗಳಿಗೂ ಅವು ಮತ ಚಲಾಯಿಸಲೇಬೇಕೆಂದು ಸೆಬಿ ವಿಧಿಸಿದೆ. ಹೇಗೆ ಚಲಾಯಿಸಿದುವೆಂಬುದನ್ನೂ ಪ್ರಕಟಿಸಬೇಕು.

ಕಡೆಯದಾಗಿ, ತಂದೆಯವರ ಕಾಲದ ಕಾಗದದ ಷೇರುಗಳನ್ನು ಟ್ರಂಕಿನಲ್ಲಿಟ್ಟು ಮರೆತಿರುವ ಮನೆಗಳಿಗೆ ಒಂದು ಮಾತು. ಸತತ ಏಳು ವರ್ಷ ಡಿವಿಡೆಂಡನ್ನು ಯಾರೂ ಪಡೆಯದಿದ್ದರೆ ಆ ಷೇರುಗಳೇ ಕೇಂದ್ರ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗುತ್ತವೆ. ಅಲ್ಲಿರುವಷ್ಟು ಕಾಲ ಅವುಗಳ ಮತವನ್ನು ಯಾರೂ ಚಲಾಯಿಸುವಂತಿಲ್ಲ. ವಾರಸುದಾರರು ದಾಖಲೆಗಳೊಡನೆ ಅರ್ಜಿ ಹಾಕಿ ಷೇರುಗಳನ್ನು ಹಿಂದಕ್ಕೆ ಪಡೆದ ಮೇಲೆ ಮಾತ್ರ ಅದು ಮರಳಿ ಬರುತ್ತದೆ.