ಟ್ರಿಗರ್ ಒತ್ತುವ ಮುನ್ನ

ಬೆಂಗಳೂರಿನ ಹಳೆಯ ಬಡಾವಣೆಯೊಂದರ ಫುಟ್‌ಪಾತು. ನೀರಿನ ಪೈಪಿಗೆಂದು ಅಗೆಯುವಾಗ ಜೆಸಿಬಿಯ ಹಲ್ಲು ತಾಗಿ 11 ಕೆವಿ ಕೇಬಲ್ ಕೆಟ್ಟಿದೆ. ಸುತ್ತಲ ರಸ್ತೆಗಳಿಗೆ ಬೆಳಗಿನಿಂದ ಕರೆಂಟಿಲ್ಲ. ಗುಂಡಿಗೆ ಇಳಿದಿರುವ, ಕೇಬಲ್ ಜೋಡಿಸುವ ಜಾಯಿಂಟರ್ ಗುದ್ದಲಿ ಮೇಲಕ್ಕಿಟ್ಟು ಈಗ ಕೈಯಲ್ಲೇ ಮಣ್ಣು ಸರಿಸುತ್ತಿದ್ದಾರೆ. ಮೊದಲು ಎಚ್ಚರಿಕೆಯ ಟೇಪು ಸಿಕ್ಕಿತು, ಆಮೇಲೆ ಮುರಿದ ಇಟ್ಟಿಗೆಯ ಸಾಲು, ಅದರಡಿ ಮರಳು. ಮರಳು ಬಳಿದಾಗ ಕೇಬಲ್ ಕಾಣಿಸಿತು. ಒಂದಿರಬೇಕಾದ ಕಡೆ ಮೂರು. ಮೂರೂ ಒಂದೇ ದಪ್ಪ, ಒಂದೇ ಕಪ್ಪು ಬಣ್ಣ, ಮೇಲಿನ ಅಕ್ಷರಗಳೆಲ್ಲ ಮಣ್ಣು ಮೆತ್ತಿ ಮಾಸಿವೆ.

"ಅಣ್ಣ, ಮೆಷಿನ್ ಕೊಡ್ಲಾ?" ಮೇಲಿನಿಂದ ಹೆಲ್ಪರ್ ಹುಡುಗ ಬಗ್ಗಿದ.

"ತಡಿ ಮಗ. ಬ್ಯಾಟ್ರಿ ಹಾಕ್ಬೇಡ ಈಗ್ಲೇ. ಆ ಕಡೆ ಅರ್ತ್ ಮಾಡಿದಾರೋ ಇಲ್ವೋ ಗೊತ್ತಾಗ್ಲಿ."

ಹುಡುಗ ಕೇಳಿದ ಮೆಷಿನ್ ಟಾರ್ಪಾಲಿನ ಮೇಲೆ ಮಲಗಿದೆ. ಬ್ಯಾಟರಿಯಲ್ಲಿ ಓಡುವ ಕೇಬಲ್ ಕಟರ್. ಆರೇಳು ಕಿಲೋ ತೂಕ, ಹಿಂದೆ ಡ್ರಿಲ್ಲಿನ ಹಿಡಿಯಂಥ ಹಿಡಿ, ಮುಂದೆ ಉಕ್ಕಿನ ದೊಡ್ಡ ಬಾಯಿ. ಬಾಯಿಯ ಒಂದು ದವಡೆ ಕದಲುವುದಿಲ್ಲ, ಇನ್ನೊಂದು ಎಣ್ಣೆಯ ಒತ್ತಡಕ್ಕೆ ಮುಂದೆ ಸರಿಯುತ್ತದೆ. 18 ವೋಲ್ಟ್ ಬ್ಯಾಟರಿ ಒಂದು ಮೋಟಾರು ತಿರುಗಿಸುತ್ತದೆ, ಮೋಟಾರು ಪುಟ್ಟ ಪಂಪೊಂದನ್ನು ದೂಡುತ್ತದೆ, ಪಂಪು ಒಂದಿಷ್ಟೇ ಎಣ್ಣೆಯನ್ನು 700 ಬಾರ್‌ನಷ್ಟು ಒತ್ತಡಕ್ಕೆ ಏರಿಸುತ್ತದೆ. ನಾವು ಉಸಿರಾಡುವ ಗಾಳಿಯ ಒತ್ತಡದ ಸುಮಾರು 700 ಪಟ್ಟು! ಜೋಸೆಫ್ ಬ್ರಾಮಾ ಎಂಬಾತ ಇಂಗ್ಲೆಂಡಿನಲ್ಲಿ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದದ್ದು 1795ರಲ್ಲಿ. ಅದೇ ತತ್ವ ಇಂದು ಒಬ್ಬ ಮನುಷ್ಯ ಹೆಗಲಿಗೆ ಹಾಕಿಕೊಂಡು ಹೋಗುವಷ್ಟು ಕಿರಿದಾಗಿದೆ. ಮೊದಲು ಹ್ಯಾಕ್‌ಸಾ ಬ್ಲೇಡ್ ಹಿಡಿದು, ಮೊಣಕೈ ಸೋಲುವಷ್ಟು ಗರಗಸವಾಡಿಸಿ ತುಂಡರಿಸುತ್ತಿದ್ದ ಕೇಬಲನ್ನು ಇದು ಕೆಲವೇ ಸೆಕೆಂಡುಗಳಲ್ಲಿ ಕತ್ತರಿಸಿ ಹಾಕುತ್ತದೆ.

ನನ್ನ ಆತಂಕ ಇರುವುದು ಆ ಕೆಲವು ಸೆಕೆಂಡುಗಳ ಬಗ್ಗೆಯೇ. ಗರಗಸದ ಕಾಲದಲ್ಲಿ ಕೈ ನಿಧಾನವಾಗಿತ್ತು, ತಲೆಗೆ ಯೋಚಿಸಲು ಪುರುಸೊತ್ತಿತ್ತು. ಹೊರಗಿನ ಸಿಪ್ಪೆ ಸುಲಿದು, ಒಳಗಿನದನ್ನು ನೋಡಿ, ಅನುಮಾನ ಬಂದರೆ ನಿಲ್ಲಿಸಬಹುದಿತ್ತು. ಮೆಷಿನ್ ಆ ಬಿಡುವನ್ನು ಕಿತ್ತುಕೊಂಡಿದೆ. ಹಾಗಾಗಿ ಆಗ ಕೆಲಸದ ನಡುನಡುವೆ ತಾನಾಗಿ ಒದಗುತ್ತಿದ್ದ ಎಚ್ಚರವನ್ನೆಲ್ಲ ಈಗ ಟ್ರಿಗರ್ ಒತ್ತುವ ಮೊದಲೇ ಮುಗಿಸಿಕೊಳ್ಳಬೇಕು.

ನಗರದ 11 ಕೆವಿ ಕೇಬಲ್‌ಗಳು ಬಹಳ ಕಡೆ ರಿಂಗ್ ಆಗಿ ಸಾಗುತ್ತವೆ. ಫುಟ್‌ಪಾತಿನ ಮೇಲೆ ನಾವು ದಿನಾ ಕಾಣುವ ಆರ್‌ಎಂಯು, ಅಂದರೆ ರಿಂಗ್ ಮೇನ್ ಯೂನಿಟ್, ಪೆಟ್ಟಿಗೆಗಳೇ ಅದರ ಗಂಟುಗಳು. ಒಂದು ಕಡೆಯಿಂದ ಕರೆಂಟು ತಪ್ಪಿದರೆ ಇನ್ನೊಂದು ಕಡೆಯಿಂದ ಕೊಡಬಹುದು ಎಂಬುದು ಈ ಏರ್ಪಾಟಿನ ಗುಣ. ಗುಂಡಿಯಲ್ಲಿ ಕೂತವನಿಗೆ ಅದೇ ಅಪಾಯ. ಒಂದು ತುದಿ ಆಫ್ ಮಾಡಿ ಬಂದೆ ಎಂದರೆ ಸಾಲದು, ಎರಡೂ ತುದಿಯಲ್ಲಿ ಸ್ವಿಚ್ ತೆಗೆದು, ಬೀಗ ಹಾಕಿ, ಬೋರ್ಡು ತೂಗಿಸಿ, ಅರ್ತ್ ಮಾಡಿರಬೇಕು. ಸಬ್‌ಸ್ಟೇಷನ್ನಿನಿಂದ ಎಲ್‌ಸಿ, ಅಂದರೆ ಲೈನ್ ಕ್ಲಿಯರ್, ಕಾಗದದ ಮೇಲೆ ಕೈಗೆ ಬಂದಿರಬೇಕು. ಫೋನಿನಲ್ಲಿ "ಆಯ್ತು, ಮಾಡ್ಕೊಳ್ಳಿ" ಎಂದದ್ದನ್ನು ಎಲ್‌ಸಿ ಎಂದುಕೊಳ್ಳಬಾರದು. ಅರ್ತ್ ಯಾಕೆ ಎಂದರೆ, ಆಫ್ ಮಾಡಿದ ಮೇಲೂ ಉದ್ದನೆಯ ಭೂಗತ ಕೇಬಲ್ ತನ್ನೊಳಗೆ ಚಾರ್ಜ್ ಹಿಡಿದಿಟ್ಟುಕೊಂಡಿರುತ್ತದೆ. ಅದನ್ನು ನೆಲಕ್ಕೆ ಇಳಿಸಿದ ಮೇಲೆಯೇ ಕೇಬಲ್ ನಿಜವಾಗಿ ಸತ್ತಂತೆ.

ಇಷ್ಟಾದರೂ ದೊಡ್ಡ ಪ್ರಶ್ನೆ ಉಳಿದೇ ಇದೆ. ಮೂರರಲ್ಲಿ ಸತ್ತದ್ದು ಯಾವುದು?

ಕಿಸೆಯಲ್ಲಿ ಪೆನ್ನಿನಂತೆ ಇಟ್ಟುಕೊಳ್ಳುವ ಟೆಸ್ಟರನ್ನು ಹತ್ತಿರ ಹಿಡಿದರೆ ಗೊತ್ತಾಗುವುದಿಲ್ಲವೇ ಎಂದು ಹೊಸಬರು ಕೇಳುತ್ತಾರೆ. ಗೊತ್ತಾಗುವುದಿಲ್ಲ. 11 ಕೆವಿ ಕೇಬಲ್ಲಿನ ಪ್ರತಿ ಕೋರಿನ ಸುತ್ತ ತಾಮ್ರದ ಟೇಪು ಇರುತ್ತದೆ, ಹೊರಗೆ ಉಕ್ಕಿನ ಕವಚ. ಎರಡೂ ಅರ್ತ್‌ಗೆ ಸೇರಿರುವುದರಿಂದ ಒಳಗಿನ ವಿದ್ಯುತ್ ಕ್ಷೇತ್ರ ಹೊರಗೆ ಇಣುಕುವುದೇ ಇಲ್ಲ. ಒಳಗೆ 11,000 ವೋಲ್ಟ್ ಇದ್ದಾಗಲೂ ಟೆಸ್ಟರ್ ಮೌನವಾಗಿರುತ್ತದೆ. ಆ ಮೌನವನ್ನು ನಂಬಿದವನ ಗತಿ ಹೇಳಬೇಕಿಲ್ಲ.

ಅದಕ್ಕೇ ಒಂದು ತುದಿಯಿಂದ ಸಿಗ್ನಲ್ ಕೊಟ್ಟು, ಗುಂಡಿಯಲ್ಲಿ ಒಂದೊಂದೇ ಕೇಬಲ್ಲಿಗೆ ಕ್ಲಾಂಪ್ ಹಾಕಿ ಗುರುತಿಸುತ್ತಾರೆ. ನಡುವಿನದ್ದೇ ಎಂದು ಸಿಗ್ನಲ್ ಹೇಳಿದ ಮೇಲೂ ಅನುಭವಿ ಜಾಯಿಂಟರ್ ಕಟರ್ ಎತ್ತಿಕೊಳ್ಳುವುದಿಲ್ಲ. ಮೊದಲು ಸ್ಪೈಕ್. ಅರ್ತ್‌ಗೆ ಜೋಡಿಸಿದ ಉಕ್ಕಿನ ಮೊಳೆಯನ್ನು, ಎಲ್ಲರನ್ನೂ ಗುಂಡಿಯಿಂದ ಮೇಲೆ ಹತ್ತಿಸಿ, ದೂರದಿಂದಲೇ ಕೇಬಲ್ಲಿನ ಹೊಟ್ಟೆಗೆ ಇಳಿಸುತ್ತಾರೆ. ಒಂದು ವೇಳೆ ಜೀವಂತ ಕೇಬಲ್ಲಾಗಿದ್ದರೆ ಸ್ಫೋಟವೆಲ್ಲ ಮೊಳೆಯ ಪಾಲಿಗೆ, ಸಬ್‌ಸ್ಟೇಷನ್ನಿನಲ್ಲಿ ಬ್ರೇಕರ್ ಟ್ರಿಪ್. ಇದೇ ಕೆಲಸಕ್ಕೆಂದು ರಿಮೋಟಿನಿಂದ ನಡೆಸುವ ಕಟರ್‌ಗಳೂ ಇವೆ. ಕತ್ತರಿಸುವ ತಲೆ ಗುಂಡಿಯಲ್ಲಿ, ನಡೆಸುವವನು ಹತ್ತು ಮೀಟರ್ ಆಚೆ, ನಡುವೆ ವಿದ್ಯುತ್ ಹರಿಯದ ಹೋಸು.

ಕೈಯಲ್ಲಿ ಹಿಡಿಯುವ ಮಾಮೂಲಿ ಕಟರ್‌ಗೆ ಆ ರಕ್ಷಣೆ ಯಾವುದೂ ಇಲ್ಲ. ಹಿಡಿಯ ಮೇಲಿನ ರಬ್ಬರು ಜಾರದಿರಲು ಹಾಕಿದ್ದು, ಕರೆಂಟು ತಡೆಯಲು ಅಲ್ಲ. ಇನ್ಸುಲೇಟೆಡ್ ಎಂದು ಮಾರುವ ಕೈಸಾಮಾನುಗಳ ಭರವಸೆ ಕೂಡ 1,000 ವೋಲ್ಟಿಗೆ ಮುಗಿಯುತ್ತದೆ. 11 ಕೆವಿ ಜೀವಂತ ಕೇಬಲ್ಲಿಗೆ ಉಕ್ಕಿನ ಬ್ಲೇಡು ಇಳಿದರೆ ಕೋರು, ಕವಚ, ಮೆಷಿನ್ ಎಲ್ಲವೂ ಒಂದಾಗಿ ಆರ್ಕ್ ಹೊಡೆಯುತ್ತದೆ. ಬ್ರೇಕರ್ ಬೀಳುವುದರೊಳಗೆ, ಕಣ್ಣು ಮಿಟುಕಿಸುವಷ್ಟರಲ್ಲಿ, ಕರಗಿದ ಲೋಹ ಮುಖಕ್ಕೆ ಹಾರಿರುತ್ತದೆ.

ಗುಂಡಿಯಲ್ಲಿ ಈಗ ಎಲ್ಲವೂ ಖಾತ್ರಿಯಾಗಿದೆ. ಎರಡೂ ಕಡೆಯ ಆರ್‌ಎಂಯು ಅರ್ತ್ ಆದ ಸುದ್ದಿ ಬಂದಿದೆ, ಸ್ಪೈಕ್ ಇಳಿದು ಏನೂ ಆಗಿಲ್ಲ. ಜಾಯಿಂಟರ್ ಹೆಲ್ಮೆಟ್ಟಿನ ಮುಖಕವಚ ಇಳಿಸಿಕೊಂಡರು. ಕೈಗವುಸಿನ ಬಾಯಿ ಸುರುಳಿ ಸುತ್ತಿ, ಒಳಗೆ ಗಾಳಿ ಹಿಡಿದು, ಕೆನ್ನೆಯ ಹತ್ತಿರ ಹಿಸುಕಿ ನೋಡಿದರು. ಸೂಜಿಮೊನೆಯಷ್ಟು ತೂತಿದ್ದರೂ ಗಾಳಿ ಕೆನ್ನೆಗೆ ತಿಳಿಸುತ್ತದೆ. ಆಮೇಲೆ ಹುಡುಗನಿಗೆ ಹೇಳಿದರು, "ಈಗ ಹಾಕು ಬ್ಯಾಟ್ರಿ."

ಬಾಯಿ ತೆರೆಯುವ ಪಿನ್ ಎಳೆದು, ಕೇಬಲ್ಲಿನ ಸುತ್ತ ದವಡೆ ಕೂಡಿಸಿ, ಪಿನ್ ಮತ್ತೆ ಪೂರ್ತಿ ಒಳಕ್ಕೆ. ಇಲ್ಲಿ ಅವರು ಬೆರಳಿಂದ ಒತ್ತಿ ಎರಡು ಸಲ ನೋಡಿದರು. ಪಿನ್ ಅರ್ಧ ಕೂತಿದ್ದರೆ ಟನ್ನುಗಟ್ಟಲೆ ಬಲವೆಲ್ಲ ಆ ಅರ್ಧದ ಮೇಲೆಯೇ ಬೀಳುತ್ತದೆ, ತಲೆ ಸೀಳಿ ಚೂರು ಸಿಡಿಯಬಹುದು. ಕೇಬಲ್ಲಿಗೆ ಬ್ಲೇಡು ನೇರ ಅಡ್ಡಲಾಗಿ ಕೂತಿದೆಯೇ ಎಂಬುದೂ ಮುಖ್ಯ. ಓರೆಯಾದರೆ ಕತ್ತರಿಸುವ ದಪ್ಪ ಹೆಚ್ಚುತ್ತದೆ, ಬ್ಲೇಡು ಪಕ್ಕಕ್ಕೆ ವಾಲುತ್ತದೆ. ಕೇಬಲ್ಲಿನ ಎರಡೂ ಮಗ್ಗುಲು ಮರದ ತುಂಡು ಕೊಟ್ಟು ಕಟ್ಟಿದ್ದಾರೆ. ಡ್ರಮ್ಮಿನಲ್ಲಿ ಸುತ್ತಿಕೊಂಡು ಬಂದ ಕೇಬಲ್ಲಿಗೆ ಆ ಸುತ್ತಿನ ನೆನಪು ವರ್ಷಗಳ ಮೇಲೂ ಇರುತ್ತದೆ, ತುಂಡಾದ ಕ್ಷಣ ತುದಿ ಚಂಗನೆ ಎದ್ದು ಮೊಣಕಾಲಿಗೋ ಮುಖಕ್ಕೋ ಬಡಿಯುತ್ತದೆ.

ಟ್ರಿಗರ್. ಮೋಟಾರಿನ ಗುರ್‌ ಎನ್ನುವ ಸದ್ದು ಮೊದಲು ಹಗುರ, ಬ್ಲೇಡು ಕವಚಕ್ಕೆ ಮುಟ್ಟಿದೊಡನೆ ಭಾರ. ಉಕ್ಕಿನ ಪಟ್ಟಿಗಳು ಒಂದೊಂದಾಗಿ ಟಕ್ ಟಕ್ ಎಂದು ಹರಿದವು. ಸದ್ದು ಇನ್ನಷ್ಟು ಆಳಕ್ಕಿಳಿದು, ಕೊನೆಗೆ ಒಂದು ಸಣ್ಣ ಸಿಡಿತ. ಒತ್ತಡ ಬಿಡುವ ವಾಲ್ವ್ ತೆರೆದುಕೊಂಡು ಬ್ಲೇಡು ತಾನಾಗಿ ಹಿಂದೆ ಸರಿಯಿತು.

ಕತ್ತರಿಸಿದ ಮುಖ ನೋಡಲು ಚೆಂದ. ಹೊರಗೆ ಕಪ್ಪು ಹೊದಿಕೆ, ಅದರೊಳಗೆ ಉಕ್ಕಿನ ಪಟ್ಟಿಗಳ ಬೆಳ್ಳಿ ಉಂಗುರ, ಮತ್ತೆ ಕಪ್ಪು, ಮಧ್ಯೆ ಮೂರು ಕೋರು. ಪ್ರತಿ ಕೋರಿನ ಅಂಚಿನಲ್ಲಿ ತಾಮ್ರದ ಕೆಂಪು ಗೆರೆ, ಹಾಲು ಬಣ್ಣದ ಎಕ್ಸ್‌ಎಲ್‌ಪಿಇ ಪ್ಲಾಸ್ಟಿಕ್ ಇನ್ಸುಲೇಷನ್, ನಡುವೆ ಒತ್ತಾಗಿ ಕೂತ ಅಲ್ಯುಮಿನಿಯಂ ಎಳೆಗಳು ಹೊಸ ನಾಣ್ಯದ ಹೊಳಪಿನಲ್ಲಿವೆ. ಚಂದ ನೋಡುತ್ತ ನಿಲ್ಲುವಂತಿಲ್ಲ. ಎಕ್ಸ್‌ಎಲ್‌ಪಿಇಗೆ ನೀರೇ ವೈರಿ. ತೆರೆದ ತುದಿಯಿಂದ ನುಗ್ಗಿದ ತೇವ ಎಳೆಗಳ ಸಂದಿಯಲ್ಲೇ ಒಳಗೆ ನಡೆದುಹೋಗಿ, ವರ್ಷಗಳ ಮೇಲೆ ಇನ್ನೆಲ್ಲೋ ಇನ್ನೊಂದು ಫಾಲ್ಟ್ ಹುಟ್ಟಿಸುತ್ತದೆ. ಜಾಯಿಂಟ್ ಮಾಡಲು ತಡವಾಗುವುದಿದ್ದರೆ ತುದಿಗೆ ಟೊಪ್ಪಿ ಹಾಕಿ, ಬಿಸಿ ಕೊಟ್ಟು ಮುಚ್ಚಿಬಿಡಬೇಕು.

ಬ್ಯಾಟರಿ ಮೊದಲು ಕಳಚಿತು, ಆಮೇಲೆ ಕಟರ್ ಮೇಲಕ್ಕೆ ಹೋಯಿತು. ಈ ಕ್ರಮ ಎಂದೂ ತಪ್ಪಬಾರದು. ಬ್ಯಾಟರಿ ಇರುವ ಕಟರನ್ನು ಕೈಯಿಂದ ಕೈಗೆ ದಾಟಿಸುವಾಗ, ಬಾಯೊಳಗಿನ ಚೂರು ತೆಗೆಯುವಾಗ, ಟ್ರಿಗರ್ ಮೇಲೆ ಯಾರದೋ ಬೆರಳು ಬಿದ್ದರೆ ಸಾಕು. ಉಕ್ಕಿನ ಕವಚ ಹರಿಯುವ ಮೆಷಿನ್ನಿಗೆ ಬೆರಳು ಯಾವ ಲೆಕ್ಕ.

ಸಂಜೆ ಗೋಡೌನಿನ ಬೆಂಚಿನ ಮೇಲೆ ಇನ್ನರ್ಧ ಕೆಲಸ. ಹಲಸಿನ ಹಣ್ಣು ಕೊಯ್ಯುವವರು ಕತ್ತಿಗೆ ಎಣ್ಣೆ ಸವರುವ ಹಾಗೆ ಬ್ಲೇಡಿಗೂ ದವಡೆಯ ಜಾರುಪಟ್ಟಿಗೂ ತೆಳುವಾಗಿ ಎಣ್ಣೆ ಬೇಕು. ಅದಕ್ಕೆ ಮುಂಚೆ ಒಣ ಬಟ್ಟೆಯಲ್ಲಿ ಮಣ್ಣು, ಅಲ್ಯುಮಿನಿಯಂ ಪುಡಿ, ಕೇಬಲ್ಲಿನ ಅಂಟು ಎಲ್ಲ ಒರೆಸಬೇಕು. ಮರಳು ಉಳಿದ ಜಾಗಕ್ಕೆ ಎಣ್ಣೆ ಹಾಕಿದರೆ ಅದೇ ಸಾಣೆಯಾಗಿ ಲೋಹವನ್ನು ತಿನ್ನುತ್ತದೆ. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ಕೆಲಸ ಮಾಡುವವರು ಇದನ್ನು ಒಂದು ದಿನ ಬಿಟ್ಟರೂ ಮರುದಿನ ತುಕ್ಕು ಕಾಣುತ್ತದೆ.

ಬ್ಲೇಡಿನ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಸಣ್ಣ ಹಲ್ಲು ಮುರಿದಂತೆ ಕಂಡರೆ ಆ ಕಟರ್ ತಿನ್ನಬಾರದ್ದನ್ನು ತಿಂದಿದೆ ಎಂದರ್ಥ. ತಾಮ್ರ, ಅಲ್ಯುಮಿನಿಯಂಗಷ್ಟೇ ಮಾಡಿದ ಕಟರ್‌ಗಳು ಬಹಳ. ಅವುಗಳಿಗೆ ಕವಚದ ಕೇಬಲ್ಲೂ ಸಲ್ಲ, ಕಂಬದ ಸ್ಟೇ ವೈರೂ ಸಲ್ಲ, ಕಬ್ಬಿಣದ ಸರಳಂತೂ ಸಲ್ಲವೇ ಸಲ್ಲ. ನಮ್ಮ ಲೈನುಗಳ ರ್‍ಯಾಬಿಟ್ ಕಂಡಕ್ಟರ್ ಹೊರಗಿನಿಂದ ಅಲ್ಯುಮಿನಿಯಂ ತಂತಿಯಂತೆ ಕಾಣುತ್ತದೆ. ಆರು ಅಲ್ಯುಮಿನಿಯಂ ಎಳೆಗಳ ನಡುವೆ ಒಂದು ಉಕ್ಕಿನ ಎಳೆ ಅಡಗಿರುತ್ತದೆ. ಆ ಒಂದು ಎಳೆಯೇ ಬ್ಲೇಡಿನ ಅಂಚು ಎಗರಿಸಲು ಸಾಕು. ಅಂಚು ಮುರಿದ ಬ್ಲೇಡನ್ನು ಗ್ರೈಂಡರಿಗೆ ಕೊಟ್ಟು ಚೂಪು ಮಾಡಿಸುವ ಉಳಿತಾಯ ಬೇಡ. ಬಿಸಿಗೆ ಉಕ್ಕಿನ ಗಟ್ಟಿತನ ಹೋಗಿರುತ್ತದೆ. ಬದಲಿಸುವುದೊಂದೇ ದಾರಿ.

ಎಣ್ಣೆ ಜಿನುಗುವ ಕಟರ್ ಬಗ್ಗೆ ಒತ್ತಿ ಹೇಳಬೇಕಾದ ಮಾತೊಂದಿದೆ. ಎಲ್ಲಿಂದ ಜಿನುಗುತ್ತಿದೆ ಎಂದು ಬೆರಳಾಡಿಸಿ ಹುಡುಕುವುದು ನಮ್ಮವರ ಅಭ್ಯಾಸ. ಮೆಷಿನ್ ಓಡುತ್ತಿರುವಾಗ ಕೂದಲಿನಷ್ಟು ಬಿರುಕಿನಿಂದ ಹೊರಡುವ ಎಣ್ಣೆ ಚರ್ಮವನ್ನು, ಗವುಸನ್ನೂ ಕೂಡ, ತೂರಿ ಒಳಗೆ ಹೋಗುತ್ತದೆ. ಹೊರಗೆ ಕಾಣುವುದು ಸೂಜಿ ಚುಚ್ಚಿದಷ್ಟೇ ಗಾಯ, ನೋವೂ ಮೊದಲಿಗೆ ಅಷ್ಟಿರುವುದಿಲ್ಲ. ಒಳಗೆ ಎಣ್ಣೆ ಮಾಂಸಖಂಡಗಳ ನಡುವೆ ಹರಡಿ ಅಂಗಾಂಶ ಸಾಯತೊಡಗುತ್ತದೆ. ತಡಮಾಡಿದವರು ಬೆರಳು ಕಳೆದುಕೊಳ್ಳುತ್ತಾರೆ. ಅರಿಸಿನ ಹಚ್ಚಿ ಬಟ್ಟೆ ಕಟ್ಟುವ ಗಾಯ ಅದಲ್ಲ, ಗಂಟೆ ಲೆಕ್ಕದಲ್ಲಿ ಆಪರೇಷನ್ ಆಗಬೇಕಾದ ಗಾಯ. ಡಾಕ್ಟರಿಗೆ "ಒತ್ತಡದ ಎಣ್ಣೆ ಹೊಕ್ಕಿದೆ" ಎಂದು ಬಾಯಿಬಿಟ್ಟು ಹೇಳಬೇಕು. ಸೋರುವ ಕಟರನ್ನು ಬ್ಯಾಟರಿ ತೆಗೆದು ಪಕ್ಕಕ್ಕಿಟ್ಟು ಸರ್ವಿಸಿಗೆ ಕಳಿಸಿ. ಸೀಲು, ವಾಲ್ವುಗಳನ್ನು ಬೆಂಚಿನ ಮೇಲೆ ಬಿಚ್ಚುವ ಸಾಹಸ ಬೇಡ.

ಬ್ಯಾಟರಿಯ ಕತೆ ಬೇರೆ. 18 ವೋಲ್ಟಿನ ಪೊಟ್ಟಣದೊಳಗೆ 3.6 ವೋಲ್ಟಿನ ಲಿಥಿಯಂ-ಅಯಾನ್ ಕೋಶಗಳು ಐದರ ಸಾಲಿನಲ್ಲಿ ಕೂತಿರುತ್ತವೆ. ಅವಕ್ಕೆ ಬಿಸಿಲಾಗದು. ರಾಯಚೂರು, ಕಲಬುರಗಿಯ ಮೇ ತಿಂಗಳಲ್ಲಿ ಗಾಜು ಏರಿಸಿದ ಪಿಕಪ್ಪಿನ ಡ್ಯಾಶ್‌ಬೋರ್ಡಿನ ಮೇಲೆ ಬ್ಯಾಟರಿ ಇಟ್ಟು ಊಟಕ್ಕೆ ಹೋಗುವುದು ಅದರ ಆಯಸ್ಸು ತಿಂದಂತೆ. ಕೆಲಸ ಮುಗಿಸಿ ಬಿಸಿಯಾದ ಬ್ಯಾಟರಿಯನ್ನು ಹಾಗೇ ಚಾರ್ಜಿಗೆ ಹಾಕದೆ ನೆರಳಲ್ಲಿ ಆರಲು ಬಿಡಿ. ಸಾಮಾನಿನ ಚೀಲದಲ್ಲಿ ಮೊಳೆ, ತಂತಿಚೂರುಗಳ ಜತೆ ಬಿಡಿ ಬ್ಯಾಟರಿ ಹಾಕಿದರೆ ಟರ್ಮಿನಲ್‌ಗಳಿಗೆ ಲೋಹ ತಾಗಿ ಶಾರ್ಟ್ ಆಗುತ್ತದೆ, ಅದಕ್ಕೆ ಮುಚ್ಚಳ ಬೇಕೇ ಬೇಕು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಕೆಲಸವಿಲ್ಲದಿದ್ದರೆ ಅರ್ಧ ಚಾರ್ಜಿನಲ್ಲಿ, ಒಣ ಜಾಗದಲ್ಲಿಡಿ. ಬಿದ್ದು ಬಿರುಕು ಬಿಟ್ಟದ್ದು, ನೀರು ಕುಡಿದದ್ದು, ವಾಸನೆ ಬರುತ್ತಿರುವುದು ಚಾರ್ಜರಿಗೆ ಹೋಗಲೇಬಾರದು. ಅಂಥದ್ದನ್ನು ಗುಜರಿಗೆ ಹಾಕುವುದೂ ಸಲ್ಲ. 2022ರ ತ್ಯಾಜ್ಯ ಬ್ಯಾಟರಿ ನಿಯಮಗಳ ಪ್ರಕಾರ ಹಳೆ ಬ್ಯಾಟರಿಗಳ ಹೊಣೆ ತಯಾರಕರದ್ದು. ಟರ್ಮಿನಲ್ಲಿಗೆ ಟೇಪು ಸುತ್ತಿ ಅವರ ಸಂಗ್ರಹಕ್ಕೆ ತಲುಪಿಸಿ. ಅಗ್ಗಕ್ಕೆ ಸಿಗುವ ನಕಲಿ ಬ್ಯಾಟರಿ ಮೆಷಿನ್ನಿಗೆ ಸರಿಯಾಗಿ ಕೂರಬಹುದು, ಒಳಗೆ ಬಿಸಿ ಕಾಯುವ ಕಾವಲು ಇದೆಯೋ ಇಲ್ಲವೋ ಹೊರಗಿನಿಂದ ಹೇಳಲಾಗದು.

ಗುತ್ತಿಗೆದಾರರಲ್ಲಿ ನನ್ನದೊಂದು ಒತ್ತಾಯ. ಕಟರ್ ಕೊಳ್ಳುವ ದುಡ್ಡಿನ ಜತೆಗೇ ಕೇಬಲ್ ಗುರುತಿಸುವ ಉಪಕರಣಕ್ಕೂ ಸ್ಪೈಕಿಗೂ ದುಡ್ಡಿಡಿ. ಬೇಗ ಕತ್ತರಿಸುವುದನ್ನು ಮಾತ್ರ ಕೊಟ್ಟು, ಯಾವುದನ್ನು ಕತ್ತರಿಸಬೇಕೆಂದು ತಿಳಿಸುವುದನ್ನು ಕೊಡದೆ ಹೋದರೆ ದಿನಗೂಲಿಯ ಹುಡುಗ ತನ್ನ ಕಣ್ಣಂದಾಜನ್ನೇ ನಂಬಬೇಕಾಗುತ್ತದೆ. ಕಟರ್ ಮಾರುವವರಲ್ಲಿ ಇನ್ನೊಂದು. ಪೆಟ್ಟಿಗೆಯಲ್ಲಿ ಬರುವ ದಪ್ಪ ಕೈಪಿಡಿಯ ಇಂಗ್ಲಿಷು ಗುಂಡಿಯವರೆಗೆ ಇಳಿಯುವುದಿಲ್ಲ. ಬಲ್ಲ ಜಾಯಿಂಟರುಗಳು ಪೆಟ್ಟಿಗೆಯ ಮುಚ್ಚಳದ ಒಳಗೆ ಮಾರ್ಕರ್ ಪೆನ್ನಿನಲ್ಲಿ ತಾವೇ ಬರೆದುಕೊಳ್ಳುತ್ತಾರೆ: ಎಷ್ಟು ಮಿ.ಮೀ. ದಪ್ಪದವರೆಗೆ, ಉಕ್ಕು ಸಲ್ಲುತ್ತದೋ ಇಲ್ಲವೋ, ಕೊನೆಯ ಸರ್ವಿಸ್ ಯಾವಾಗ, ಜೀವಂತ ಕೇಬಲ್ಲಿಗೆ ಇಲ್ಲ. ಅದನ್ನೇ ಕಂಪನಿಗಳು ದಪ್ಪಕ್ಷರದ ಕನ್ನಡದಲ್ಲಿ, ಎಣ್ಣೆ ಕೈ ತಾಗಿದರೂ ಅಳಿಸದ ಹಾಗೆ, ಕಟರಿನ ಮೈಮೇಲೆಯೇ ಅಚ್ಚು ಹಾಕಿ ಕೊಡಬೇಕು.