ತಾರೀಖುಗಳಲ್ಲಿಯೂ ಗಡಿಯಾರದ ವೇಳೆಯಲ್ಲಿಯೂ ಕಾಣುವ ಸಂಖ್ಯಾವಿನ್ಯಾಸಗಳು

೧

ಕ್ರಿ. ಶ. ೨೦೨೨ರ ಫೆಬ್ರವರಿ ತಿಂಗಳ ೨೨ನೆಯ ತಾರೀಖನ್ನು ಎಂಟು ಅಂಕಗಳಲ್ಲಿ ಬರೆದರೆ ೨೨೦೨೨೦೨೨ ಎಂದಾಗುತ್ತದೆ. ಇದನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಸಂಖ್ಯೆ ಒಂದೇ. ‘ವಿಕಟಕವಿ’ ಎಂಬ ಪದದಲ್ಲಿ ಅಕ್ಷರಗಳಿಗಿರುವ ಗುಣವೇ ಇಲ್ಲಿ ಅಂಕಗಳಿಗೂ ಉಂಟು. ಆಲಂಕಾರಿಕರು ಈ ಬಂಧವನ್ನು ಗತಪ್ರತ್ಯಾಗತವೆಂದು ಕರೆದಿದ್ದಾರೆ. ಅದೇ ಹೆಸರನ್ನು ನಾವೂ ಬಳಸೋಣ. ಇಂತಹ ತಾರೀಖು ಸಮೀಪಿಸಿದಾಗ ಅದನ್ನು ವಿವಾಹಕ್ಕೆ ಆರಿಸಿಕೊಳ್ಳುವವರಿದ್ದಾರೆ. ಹೆರಿಗೆಯ ಶಸ್ತ್ರಕ್ರಿಯೆಯನ್ನೇ ಆ ದಿನಕ್ಕೆ ಇಡಿಸಿಕೊಳ್ಳಬಯಸುವವರೂ ಇದ್ದಾರೆ. ಆ ಅಂಕಗಳ ಹಿಂದೆ ಏನಾದರೂ ಅರ್ಥವಿದೆಯೆ ಎಂದು ವಿದ್ಯಾರ್ಥಿಯು ಅಧ್ಯಾಪಕನನ್ನು ಕೇಳುವುದು ಸಹಜ. ಪ್ರಶ್ನೆಯನ್ನು ನಕ್ಕು ತಳ್ಳಿಹಾಕದೆ ಎಣಿಕೆಯಿಂದ ಉತ್ತರಿಸಲು ಪ್ರಯತ್ನಿಸುವುದೇ ಈ ಲೇಖನದ ಉದ್ದೇಶ.

ದಿನ, ತಿಂಗಳು, ಇಸವಿ ಎಂಬ ನಮ್ಮ ಕ್ರಮದಲ್ಲಿ ಎಂಟಂಕದ ತಾರೀಖು ಗತಪ್ರತ್ಯಾಗತವಾಗಬೇಕಾದರೆ, ಇಸವಿಯ ಮೊದಲ ಎರಡು ಅಂಕಗಳನ್ನು ತಿರುಗಿಸಿದಾಗ ತಿಂಗಳು ಬರಬೇಕು. ಕೊನೆಯ ಎರಡನ್ನು ತಿರುಗಿಸಿದಾಗ ದಿನ ಬರಬೇಕು. ಇಸವಿಯು ೨೦ರಿಂದ ಮೊದಲಾಗುವುದಾದರೆ ತಿಂಗಳು ೦೨ ಆಗಲೇಬೇಕು. ಆದುದರಿಂದ ಈ ಶತಮಾನದ ಇಂತಹ ತಾರೀಖುಗಳೆಲ್ಲವೂ ಫೆಬ್ರವರಿಯಲ್ಲಿಯೇ ಬರುತ್ತವೆ. ಆ ತಿಂಗಳ ಪ್ರತಿಯೊಂದು ದಿನಕ್ಕೂ ಒಂದೊಂದು ಇಸವಿ ಉಂಟು. ೨೯ನೆಯ ದಿನಕ್ಕೆ ತಕ್ಕ ೨೦೯೨ನೆಯ ಇಸವಿಯು ಅದೃಷ್ಟವಶಾತ್ ಅಧಿಕವರ್ಷವೇ ಆಗಿದೆ. ಹೀಗೆ ಒಟ್ಟು ೨೯. ಇವುಗಳಲ್ಲಿ ಮೊದಲನೆಯದು ೧೦-೦೨-೨೦೦೧. ಅದಕ್ಕೂ ಹಿಂದಿನದನ್ನು ಹುಡುಕಿದರೆ, ೧೨ರಿಂದ ೧೯ರವರೆಗಿನ ಯಾವ ಸಂಖ್ಯೆಯನ್ನು ತಿರುಗಿಸಿದರೂ ತಿಂಗಳು ದೊರೆಯದ ಕಾರಣ, ನಾವು ೨೯-೧೧-೧೧೯೨ರವರೆಗೆ ಹಿಂದೆ ಸರಿಯಬೇಕಾಗುತ್ತದೆ. ನಡುವೆ ಎಂಟು ಶತಮಾನಗಳ ಬರಗಾಲ!

ಆದರೆ ೧೧೯೨ರಲ್ಲಿ ಆ ತಾರೀಖನ್ನು ಹಾಗೆ ಬರೆದವರು ನಮ್ಮ ನಾಡಿನಲ್ಲಿ ಯಾರೂ ಇರಲಿಲ್ಲ. ಆಗ ಹೊಯ್ಸಳ ಎರಡನೆಯ ವೀರಬಲ್ಲಾಳನ ಆಳಿಕೆ. ಲೆಕ್ಕಕ್ಕೆ ಅದು ಶಕವರ್ಷ ೧೧೧೪. ಇಂದು ನಾವು ಬಳಸುವ ಗ್ರೆಗರಿಯ ಪಂಚಾಂಗವು ಯೂರೋಪಿನಲ್ಲಿಯೇ ಜಾರಿಗೆ ಬಂದುದು ೧೫೮೨ರಲ್ಲಿ. ಯಾರೂ ಬರೆಯದ ಅಂಕಗಳ ಸೊಗಸು ಆ ದಿನಕ್ಕೆ ಸೇರಿದುದೆನ್ನಬಹುದೆ?

೨

ಈ ಸಂದೇಹವನ್ನು ನಮ್ಮ ಸೀಮೆಯಲ್ಲಿಯೇ ಪರೀಕ್ಷಿಸಬಹುದು. ಸುಳ್ಯ ತಾಲ್ಲೂಕಿನ ಸಂಪಾಜೆ ಗ್ರಾಮದ ಕಲ್ಲುಗುಂಡಿಯು, ಮಂಗಳೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯು ಘಟ್ಟವನ್ನೇರುವ ಮೊದಲು ಸಿಗುವ ಪೇಟೆ. ಒಂದು ಕಡೆ ಕೊಡಗಿನ ಗಡಿ. ತಾಲ್ಲೂಕಿನ ಮತ್ತೊಂದು ಕಡೆ ಕಾಸರಗೋಡಿನ ಗಡಿ. ಆದುದರಿಂದ ಹಲವು ಕಾಲಗಣನೆಗಳು ಕೂಡುವ ಸ್ಥಳವಿದು. ೨೨-೦೨-೨೦೨೨ ಎಂಬ ಅದೇ ದಿನವು ಚಾಂದ್ರಮಾನ ಪಂಚಾಂಗದಲ್ಲಿ ಪ್ಲವ ಸಂವತ್ಸರದ ಮಾಘ ಬಹುಳ ಷಷ್ಠಿ. ತುಳುವರ ಸೌರಗಣನೆಯಲ್ಲಿ ಮಾಯಿ ತಿಂಗಳಿನ ಒಂದು ದಿನ. ಮಲೆಯಾಳದ ಕೊಲ್ಲಂ ಗಣನೆಯಲ್ಲಿ ೧೧೯೭ರ ಕುಂಭಮಾಸ. ಮೇಘನಾದ ಸಾಹಾ ಅವರ ಅಧ್ಯಕ್ಷತೆಯ ಸಮಿತಿಯ ಸಲಹೆಯಂತೆ ೧೯೫೭ರ ಮಾರ್ಚ್ ೨೨ರಿಂದ ಭಾರತ ಸರ್ಕಾರವು ಅಂಗೀಕರಿಸಿದ ರಾಷ್ಟ್ರೀಯ ಪಂಚಾಂಗದಲ್ಲಿ ಅದು ಶಕ ೧೯೪೩, ಫಾಲ್ಗುಣ ೩. ಸೂರ್ಯನು ಅದೇ, ದಿನವೂ ಅದೇ. ಆದರೆ ಗತಪ್ರತ್ಯಾಗತವು ಉಳಿದುದು ಒಂದೇ ಬರವಣಿಗೆಯಲ್ಲಿ.

ಗಡಿಯಾರದ ವಿಷಯವೂ ಇಂತಹುದೇ. ಇಪ್ಪತ್ತನಾಲ್ಕು ಗಂಟೆಗಳ ಕ್ರಮದಲ್ಲಿ ನಾಲ್ಕಂಕದ ವೇಳೆಯು ಎರಡು ಕಡೆಯಿಂದಲೂ ಒಂದೇ ಆಗಬೇಕಾದರೆ ಗಂಟೆಯ ಬಿಡಿಸ್ಥಾನದ ಅಂಕವು ೫ನ್ನು ಮೀರಬಾರದು. ೦೦ರಿಂದ ೦೫, ೧೦ರಿಂದ ೧೫, ೨೦ರಿಂದ ೨೩ ಎಂದು ೧೬ ಗಂಟೆಗಳು ಮಾತ್ರ ಇದಕ್ಕೆ ಒದಗುತ್ತವೆ. ದಿನದ ೧೪೪೦ ನಿಮಿಷಗಳಲ್ಲಿ ೧೬ ಎಂದರೆ ತೊಂಬತ್ತಕ್ಕೆ ಒಂದು. ಹನ್ನೆರಡು ಗಂಟೆಗಳ ಕ್ರಮದಲ್ಲಿಯೋ, ಒಂದರಿಂದ ಒಂಬತ್ತರವರೆಗಿನ ಪ್ರತಿ ಗಂಟೆಗೂ ಆರಾರು ಇಂತಹ ನಿಮಿಷಗಳು. ಅದರೊಡನೆ ೧೦-೦೧, ೧೧-೧೧, ೧೨-೨೧. ಒಟ್ಟು ೭೨೦ ನಿಮಿಷಗಳಲ್ಲಿ ೫೭, ಅಂದರೆ ಸುಮಾರು ಹದಿಮೂರಕ್ಕೆ ಒಂದು. ಬರೆಯುವ ರೀತಿಯನ್ನು ಬದಲಿಸಿದ ಮಾತ್ರಕ್ಕೆ ‘ಅಪೂರ್ವ’ವು ಏಳುಪಟ್ಟು ಸುಲಭವಾಯಿತು.

೩

ಹಾಗಾದರೆ ಪಂಚಾಂಗದಲ್ಲಿ ಕಾಣುವ ವಿನ್ಯಾಸಗಳೆಲ್ಲವೂ ಬರವಣಿಗೆಯ ಆಟವೇ? ಅಲ್ಲ. ಏಪ್ರಿಲ್ ೪, ಜೂನ್ ೬, ಆಗಸ್ಟ್ ೮, ಅಕ್ಟೋಬರ್ ೧೦, ಡಿಸೆಂಬರ್ ೧೨ ಈ ಐದು ತಾರೀಖುಗಳೂ ಯಾವ ಇಸವಿಯಲ್ಲಾದರೂ ಒಂದೇ ವಾರದಲ್ಲಿ ಬರುತ್ತವೆ. ೨೦೨೫ರಲ್ಲಿ ಇವೆಲ್ಲವೂ ಶುಕ್ರವಾರಗಳಾಗಿದ್ದವು. ಕಾರಣವು ಸರಳ: ಒಂದರಿಂದ ಮುಂದಿನದಕ್ಕೆ ಸರಿಯಾಗಿ ೬೩ ದಿನಗಳು, ಅಂದರೆ ಒಂಬತ್ತು ವಾರಗಳು. ಅಂಕಗಳನ್ನು ರೋಮನರಂತೆ ಬರೆದರೂ ಈ ಸಂಬಂಧವು ಕೆಡದು. ಬರವಣಿಗೆಯಲ್ಲಿ ಮಾತ್ರ ಇರುವ ವಿನ್ಯಾಸ ಒಂದು ಬಗೆ. ಕಾಲದ ಅಳತೆಯಲ್ಲಿಯೇ ಇರುವ ವಿನ್ಯಾಸ ಇನ್ನೊಂದು ಬಗೆ.

ಈ ಎರಡು ಬಗೆಗಳೂ ಒಟ್ಟಿಗೆ ಕಾಣುವ ಉದಾಹರಣೆಯೊಂದು ಕಲ್ಲುಗುಂಡಿಯಿಂದ ಘಟ್ಟವನ್ನೇರಿದರೆ ದೊರೆಯುತ್ತದೆ. ಕೊಡಗಿನ ತಲಕಾವೇರಿಯಲ್ಲಿ ಪ್ರತಿವರ್ಷವೂ ತುಲಾ ಸಂಕ್ರಮಣದ ಮುಹೂರ್ತಕ್ಕೆ ತೀರ್ಥೋದ್ಭವವಾಗುವುದೆಂದು ಭಕ್ತರ ನಂಬಿಕೆ. ಆ ವೇಳೆಯನ್ನು ನಿಮಿಷದವರೆಗೆ ಗಣಿಸಿ ಮುಂಚಿತವಾಗಿ ಪ್ರಕಟಿಸುತ್ತಾರೆ. ಇತ್ತೀಚಿನ ಆರು ವರ್ಷಗಳ ಪ್ರಕಟಿತ ವೇಳೆಗಳು ಹೀಗಿವೆ:

೨೦೨೦, ಅಕ್ಟೋಬರ್ ೧೭: ಬೆಳಿಗ್ಗೆ ೭-೦೩
೨೦೨೧, ಅಕ್ಟೋಬರ್ ೧೭: ಮಧ್ಯಾಹ್ನ ೧-೧೧
೨೦೨೨, ಅಕ್ಟೋಬರ್ ೧೭: ಸಂಜೆ ೭-೨೧
೨೦೨೩, ಅಕ್ಟೋಬರ್ ೧೭ ಕಳೆದ ಮಧ್ಯರಾತ್ರಿಯ ಮೇಲೆ: ೧-೨೭
೨೦೨೪, ಅಕ್ಟೋಬರ್ ೧೭: ಬೆಳಿಗ್ಗೆ ೭-೪೦
೨೦೨೫, ಅಕ್ಟೋಬರ್ ೧೭: ಮಧ್ಯಾಹ್ನ ೧-೪೪

ಮೊದಲ ನೋಟಕ್ಕೆ ಕಣ್ಣನ್ನು ಸೆಳೆಯುವುದು ೨೦೨೧ರ ೧-೧೧. ಆದರೆ ಅದನ್ನು ೧೩-೧೧ ಎಂದು ಬರೆದ ಕೂಡಲೆ ಆ ಸೊಗಸು ಮಾಯವಾಗುತ್ತದೆ. ನಿಜವಾದ ವಿನ್ಯಾಸವು ಸಾಲುಗಳ ನಡುವಣ ಅಂತರದಲ್ಲಿದೆ. ವರ್ಷದಿಂದ ವರ್ಷಕ್ಕೆ ವೇಳೆಯು ೩೬೫ ದಿನಗಳ ಮೇಲೆ ಸುಮಾರು ಆರು ಗಂಟೆ ಒಂಬತ್ತು ನಿಮಿಷ ಮುಂದೆ ಸರಿಯುತ್ತದೆ. ನಾಲ್ಕು ವರ್ಷಗಳಲ್ಲಿ ಆರು ಗಂಟೆಗಳು ಕೂಡಿ ಒಂದು ದಿನವಾಗುತ್ತವೆ. ಅದನ್ನು ಫೆಬ್ರವರಿಯ ೨೯ನೆಯ ದಿನವು ನುಂಗಿಕೊಳ್ಳುತ್ತದೆ. ಉಳಿಯುವುದು ಒಂಬತ್ತೊಂಬತ್ತು ನಿಮಿಷಗಳ ಮೊತ್ತ. ೨೦೨೦ರ ೭-೦೩ಕ್ಕೂ ೨೦೨೪ರ ೭-೪೦ಕ್ಕೂ ನಡುವೆ ಉಳಿದುದು ೩೭ ನಿಮಿಷ. ೨೦೨೧ಕ್ಕೂ ೨೦೨೫ಕ್ಕೂ ನಡುವೆ ೩೩ ನಿಮಿಷ.

ಈ ಅಲ್ಪ ಶೇಷದಿಂದ ಒಂದು ಮಹತ್ವದ ಸಂಗತಿ ತಿಳಿದುಬರುತ್ತದೆ. ಭೂಮಿಯು ನಕ್ಷತ್ರಗಳ ದೃಷ್ಟಿಯಿಂದ ಸೂರ್ಯನನ್ನು ಒಮ್ಮೆ ಸುತ್ತಿಬರಲು ತೆಗೆದುಕೊಳ್ಳುವ ನಾಕ್ಷತ್ರಿಕ ವರ್ಷವು ೩೬೫ ದಿನ ೬ ಗಂಟೆ ೯ ನಿಮಿಷ ೧೦ ಸೆಕೆಂಡು. ಪ್ರಾಚೀನ ಸೂರ್ಯಸಿದ್ಧಾಂತದ ವರ್ಷವು ೩೬೫ ದಿನ ೬ ಗಂಟೆ ೧೨ ನಿಮಿಷ ೩೭ ಸೆಕೆಂಡು. ಮೊದಲನೆಯದರಂತೆ ನಾಲ್ಕು ವರ್ಷಗಳ ಶೇಷವು ಸುಮಾರು ೩೭ ನಿಮಿಷ. ಎರಡನೆಯದರಂತೆ ಸುಮಾರು ೫೦ ನಿಮಿಷ. ಆದುದರಿಂದ ತಲಕಾವೇರಿಯ ವೇಳೆಯು ದೃಗ್ಗಣಿತದ ವರ್ಷಮಾನಕ್ಕೆ ಹೊಂದುತ್ತದೆಂದು ಪ್ರಕಟಿತ ಸಂಖ್ಯೆಗಳೇ ಸಾಕ್ಷಿ ನುಡಿಯುತ್ತವೆ. ಕೆಲವು ನಿಮಿಷಗಳ ಏರಿಳಿತಕ್ಕೂ ಕಾರಣವುಂಟು. ಭೂಮಿಯೂ ಚಂದ್ರನೂ ತಮ್ಮಿಬ್ಬರ ಗುರುತ್ವಕೇಂದ್ರವನ್ನು ಸುತ್ತುವುದರಿಂದ ಭೂಮಿಯು ತನ್ನ ಮಾಧ್ಯ ಸ್ಥಾನದಿಂದ ಸ್ವಲ್ಪ ಆಚೀಚೆ ಸರಿಯುತ್ತದೆ. ಇದೊಂದರಿಂದಲೇ ಸಂಕ್ರಮಣದ ಕಾಲವು ಎರಡೂವರೆ ನಿಮಿಷದಷ್ಟು ಹಿಂದೆಮುಂದೆ ಆಗಬಲ್ಲದು. ಶುಕ್ರ, ಗುರು ಮೊದಲಾದ ಗ್ರಹಗಳ ಆಕರ್ಷಣೆಯೂ ಇದಕ್ಕೆ ಸೇರುತ್ತದೆ.

ಗ್ರೆಗರಿಯ ವರ್ಷದ ಸರಾಸರಿಯು ನಾಕ್ಷತ್ರಿಕ ವರ್ಷಕ್ಕಿಂತ ಸುಮಾರು ೨೦ ನಿಮಿಷ ಕಡಮೆ. ಈ ಕೊರತೆಯು ಸುಮಾರು ೭೨ ವರ್ಷಗಳಲ್ಲಿ ಒಂದು ದಿನವಾಗುತ್ತದೆ. ಸಂಕ್ರಮಣಗಳ ತಾರೀಖುಗಳು ಮೆಲ್ಲನೆ ಮುಂದೆ ಜರಗುವುದಕ್ಕೆ ಇದೇ ಕಾರಣ. ಸ್ವಾಮಿ ವಿವೇಕಾನಂದರು ಜನಿಸಿದ ೧೮೬೩ರ ಜನವರಿ ೧೨ ಮಕರ ಸಂಕ್ರಾಂತಿಯ ದಿನವಾಗಿದ್ದಿತು. ೨೦೨೪ರಲ್ಲಿ ಆ ಹಬ್ಬವು ಜನವರಿ ೧೫ಕ್ಕೆ ಬಂದಿತು. ತುಳುನಾಡಿನ ಬಿಸುವೂ ಇದೇ ನಿಯಮಕ್ಕೆ ಒಳಪಟ್ಟುದು.

೪

ಇಷ್ಟರಿಂದ ವಿದ್ಯಾರ್ಥಿಗೆ ಒಂದು ಒರೆಗಲ್ಲು ದೊರೆಯುತ್ತದೆ. ಯಾವುದಾದರೊಂದು ಸಂಖ್ಯಾವಿನ್ಯಾಸವು ಎದುರಾದಾಗ ಅದನ್ನು ಬೇರೊಂದು ಕ್ರಮದಲ್ಲಿ ಬರೆದು ನೋಡಬೇಕು. ಆಗ ಅಳಿದುಹೋದರೆ ಅದು ವಿನೋದಕ್ಕೆ ಸೇರಿದುದು; ಅದನ್ನು ಎಣಿಸಿ ಸಂತೋಷಪಡಬಹುದು, ಆದರೆ ಅದರ ಆಧಾರದ ಮೇಲೆ ಶಿಶುವಿನ ಜನನಕಾಲವನ್ನು ಗೊತ್ತುಪಡಿಸಲಾಗದು. ಉಳಿದುಬಂದರೆ ಅದರ ಹಿಂದೆ ಹುಡುಕತಕ್ಕ ಕಾರಣವಿದೆ.

ಮೇಲಿನ ಪಟ್ಟಿಯಿಂದ ೨೦೨೬ರ ತುಲಾ ಸಂಕ್ರಮಣದ ಕಾಲವನ್ನು ವಾಚಕರೇ ಗಣಿಸಬಹುದು. ೨೦೨೨ರ ವೇಳೆಗೆ ೩೭ ನಿಮಿಷವನ್ನು ಕೂಡಿದರೆ ಅಕ್ಟೋಬರ್ ೧೭ರ ರಾತ್ರಿ ೭-೫೮. ೨೦೨೫ರ ವೇಳೆಗೆ ಆರು ಗಂಟೆ ಒಂಬತ್ತು ನಿಮಿಷವನ್ನು ಕೂಡಿದರೆ ೭-೫೩. ಪ್ರಕಟಿತ ವೇಳೆಯು ಇವುಗಳ ಆಸುಪಾಸಿನಲ್ಲಿ ಇರತಕ್ಕದ್ದು. ಕಾಲೇಜಿನ ಗಣಿತ ಸಂಘಗಳು ವರ್ಷಕ್ಕೊಂದು ಸಾಲಿನಂತೆ ಈ ಪಟ್ಟಿಯನ್ನು ಬೆಳೆಸುತ್ತ ಹೋದರೆ, ದೂರದರ್ಶಕದ ನೆರವಿಲ್ಲದೆಯೇ ವರ್ಷಮಾನವನ್ನು ನಿಮಿಷಕ್ಕೆ ಸರಿಯಾಗಿ ಅಳೆಯುವ ಅಭ್ಯಾಸವು ವಿದ್ಯಾರ್ಥಿಗಳಿಗೆ ಲಭಿಸುವುದು.