ಇಂಗ್ಲಿಷು ಪ್ರಬಂಧವೂ ನಮ್ಮ ಮಕ್ಕಳ ಸ್ವಂತ ಮಾತೂ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿ ಸೀಮೆಯ ಪ್ರೌಢಶಾಲೆಗಳಲ್ಲಿ ಇಂಗ್ಲಿಷು ಪ್ರಬಂಧಗಳು ಸಿದ್ಧವಾಗುವ ರೀತಿಯ ಕಡೆಗೆ ವಾಚಕರ ಗಮನವನ್ನು ಸೆಳೆಯಬಯಸುತ್ತೇವೆ. ಹತ್ತನೆಯ ತರಗತಿಯಲ್ಲಿ ದ್ವಿತೀಯ ಭಾಷೆಯ ೧೦೦ ಅಂಕಗಳ ಪೈಕಿ ೮೦ ಲಿಖಿತ ಪರೀಕ್ಷೆಗೂ ೨೦ ಶಾಲೆಯೊಳಗಿನ ಮೌಲ್ಯಮಾಪನಕ್ಕೂ ಸಲ್ಲುತ್ತವೆ. ಮಗುವು ತಾನೇ ಓದಿ, ವಿಚಾರಿಸಿ, ಬರೆದು, ನಾಲ್ವರ ಮುಂದೆ ನಿಂತು ಮಂಡಿಸಲೆಂಬುದೇ ಈ ೨೦ ಅಂಕಗಳ ಆಶಯ. ಆಶಯವೇನೋ ಸಾಧುವಾದುದೇ. ಆದರೆ ಅನೇಕ ಕಡೆಗಳಲ್ಲಿ ನಡೆಯುವುದೇನು? ಸಾಹಿತ್ಯಪ್ರಬಂಧವು ಗೈಡಿನಿಂದ ನೇರವಾಗಿ ವಹಿಗೆ ಇಳಿಯುತ್ತದೆ. ಸಂಶೋಧನೆಯೆಂಬುದು ಅಂಗಡಿಯಲ್ಲಿ ಕೊಂಡ ಚಿತ್ರಗಳನ್ನು ಅಂಟಿಸಿದ ಹಾಳೆಗಳಲ್ಲಿ ಮುಗಿಯುತ್ತದೆ. ಅಂಕಗಳು ದೊರೆಯುತ್ತವೆ, ಮಗುವಿಗೆ ಮಾತು ದೊರೆಯುವುದಿಲ್ಲ.

ಅರ್ಥವರಿಯದ ಕಂಠಪಾಠವು ಈ ಸೀಮೆಗೆ ಹೊಸದಲ್ಲ. ೧೯೪೮ರ ಸೆಪ್ಟೆಂಬರಿನವರೆಗೆ ಈ ಪ್ರದೇಶವು ನಿಜಾಮರ ಆಳಿಕೆಯಲ್ಲಿದ್ದಿತು. ಮೇಲಿನ ವಿದ್ಯೆಯು ಬಹುಮಟ್ಟಿಗೆ ಉರ್ದುವಿನಲ್ಲಿ ನಡೆಯುತ್ತಿದ್ದಿತು. ಮನೆಯ ಮಾತು ಒಂದು, ಶಾಲೆಯ ಮಾತು ಮತ್ತೊಂದು. ಅಂತಹ ಕಾಲದಲ್ಲಿಯೇ, ೧೯೧೮ರಲ್ಲಿ ಆಗಿನ ಯಲಬುರ್ಗಿ ತಾಲ್ಲೂಕಿನ ದ್ಯಾಂಪುರದಲ್ಲಿ ಜನಿಸಿದ ಸಿದ್ದಯ್ಯ ಪುರಾಣಿಕರು ಪರಭಾಷೆಯ ವಿದ್ಯೆಯನ್ನೂ ಅರಗಿಸಿಕೊಂಡು, ಉನ್ನತಾಧಿಕಾರಿಯಾಗಿಯೂ 'ಕಾವ್ಯಾನಂದ'ರೆಂಬ ಕನ್ನಡ ಕವಿಯಾಗಿಯೂ ಬೆಳಗಿದರು. ಪರಭಾಷೆಯು ಶತ್ರುವಲ್ಲ; ಅದನ್ನು ಅರಗಿಸಿಕೊಳ್ಳದೆ ನುಂಗುವುದೇ ಅಪಾಯ. ಉರ್ದುವಿನ ಪೀಠದಲ್ಲಿ ಇಂದು ಇಂಗ್ಲಿಷು ಕುಳಿತಿದೆ. ಮಗು ಮಾತ್ರ ಅಂದಿನಂತೆಯೇ ಅರ್ಥವರಿಯದೆ ಒಪ್ಪಿಸುತ್ತಿದ್ದರೆ ನಾವು ಗಳಿಸಿದ್ದೇನು?

ಉದಾಹರಣೆಗೆ, ಹತ್ತನೆಯ ತರಗತಿಯವರು ವರ್ಷಗಳಿಂದ ಓದಿಕೊಂಡು ಬಂದಿರುವ ಆರ್.ಕೆ. ನಾರಾಯಣರ 'ಎ ಹೀರೋ' ಕಥೆಯನ್ನು ತೆಗೆದುಕೊಳ್ಳೋಣ. ತಂದೆಯ ಹಟಕ್ಕಾಗಿ ಸ್ವಾಮಿಯು ಕಚೇರಿಕೋಣೆಯಲ್ಲಿ ಒಂಟಿಯಾಗಿ ಮಲಗುತ್ತಾನೆ. ಕತ್ತಲೆಯಲ್ಲಿ ಬಂದ ಕಳ್ಳನನ್ನು ಭೂತವೆಂದು ಭ್ರಮಿಸಿ ಕಾಲನ್ನು ಕಚ್ಚುತ್ತಾನೆ. ಊರು ಅವನನ್ನು ವೀರನೆಂದು ಹೊಗಳುತ್ತದೆ. ಗೈಡೂ 'ಸ್ವಾಮಿ ವೀರ' ಎಂದೇ ಬರೆದು ಮುಗಿಸುತ್ತದೆ. ಆದರೆ ಸ್ವಾಮಿಯು ಕಚ್ಚಿದ್ದು ಧೈರ್ಯದಿಂದಲೋ ಭಯದಿಂದಲೋ? ವೀರನಾದ ಮೇಲೆಯೂ ಅವನು ಅಜ್ಜಿಯ ಮಗ್ಗುಲಿಗೇ ಮರಳಿ ಮಲಗಿದ್ದೇಕೆ? ಈ ಎರಡು ಪ್ರಶ್ನೆಗಳನ್ನು ಉಪಾಧ್ಯಾಯರು ಹಲಗೆಯ ಮೇಲೆ ಬರೆದು, 'ನಿನ್ನ ಉತ್ತರಕ್ಕೆ ಕಥೆಯೊಳಗಿನ ಯಾವ ಮಾತು ಆಧಾರ?' ಎಂದು ಕೇಳಿದರೆ ಸಾಕು. ಪ್ರಬಂಧವು ಅಲ್ಲಿಯೇ ಹುಟ್ಟುತ್ತದೆ. ಅಭಿಪ್ರಾಯ, ಆಧಾರ, ಕಾರಣ, ಈ ಮೂರೂ ಇದ್ದ ಹತ್ತು ಸಾಲುಗಳು ಕದ್ದ ಮೂರು ಪುಟಗಳಿಗಿಂತ ಮೇಲು.

ಇನ್ನು ಸಂಶೋಧನೆಯ ವಿಷಯಕ್ಕೆ ಮಕ್ಕಳು ದೂರ ಹೋಗಬೇಕಾಗಿಲ್ಲ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ೧೯೩೧ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನಗಳಿವೆ. ಗಂಗಾವತಿಯ ಹಿರೇಬೆಣಕಲ್ಲಿನ ಶಿಲಾಸಮಾಧಿಗಳ ವಿಷಯವಾಗಿ ೧೯ನೆಯ ಶತಮಾನದಲ್ಲಿಯೇ ಮೆಡೋಸ್ ಟೇಲರನು ಇಂಗ್ಲಿಷಿನಲ್ಲಿ ಬರೆದನು. ೨೦೨೧ರಲ್ಲಿ ಅವು ಯುನೆಸ್ಕೋದ ತಾತ್ಕಾಲಿಕ ಪಟ್ಟಿಯನ್ನೂ ಸೇರಿದವು. ಮೊದಲು ಯಲಬುರ್ಗಿಗೆ ಸೇರಿದ್ದು ಈಗ ಕುಕನೂರು ತಾಲ್ಲೂಕಿನಲ್ಲಿರುವ ಇಟಗಿಯಲ್ಲಿ ೧೧೧೨ರ ಮಹಾದೇವ ದೇವಾಲಯವಿದೆ. ಕುಷ್ಟಗಿಯ ಮಗುವಿಗಾದರೋ ಮಳೆ ತಪ್ಪಿದ ವರ್ಷ ಗುಳೆ ಹೋಗುವವರ ಬದುಕೇ ಕಣ್ಣೆದುರಿಗಿದೆ. ಎಷ್ಟು ಮನೆಯವರು ಹೋದರು, ಯಾವ ತಿಂಗಳಲ್ಲಿ, ಯಾವ ಊರಿಗೆ, ಮಕ್ಕಳ ಓದು ಏನಾಯಿತು ಎಂದು ಹತ್ತು ಮಂದಿ ಹಿರಿಯರನ್ನು ಕೇಳಿ ಲೆಕ್ಕವಿಡಲಿ. ಯಾರ ಮನೆಯ ಹೆಸರನ್ನೂ ಬಯಲಿಗೆಳೆಯದೆ, ಕೇಳಿದ ದಿನವನ್ನೂ ಓದಿದ ಪುಸ್ತಕವನ್ನೂ ಗುರುತು ಹಾಕಲಿ. ಸಂಶೋಧನೆಯೆಂದರೆ ಇದೇ.

ಮೊದಲ ಕರಡನ್ನು ಕನ್ನಡದಲ್ಲಿ ಬರೆಯಗೊಡುವುದು ಉಚಿತ. ಹೇಳಬೇಕಾದುದು ಮನಸ್ಸಿನಲ್ಲಿ ತಿಳಿಯಾದ ಮೇಲೆ ಅದನ್ನು ಚಿಕ್ಕಚಿಕ್ಕ ಇಂಗ್ಲಿಷು ವಾಕ್ಯಗಳಲ್ಲಿ ಹೇಳಲಿ. ಪದಕ್ಕೆ ಪದವಿಡುವ ಗೋಜು ಬೇಡ. ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕವಿರಾಜಮಾರ್ಗವು ಕೊಪಣವನ್ನೂ ಹೆಸರಿಸಿದೆ. ಆ ಕೊಪಣದ ಮಗುವು ಕನ್ನಡದಲ್ಲಿ ಆಲೋಚಿಸಲು ನಾಚಬೇಕೆ? ಮಂಡನೆಯು ಐದು ನಿಮಿಷದ್ದಾಗಿರಲಿ. ಕೈಯಲ್ಲಿ ತಲೆಬರಹಗಳ ಚೀಟಿ ಮಾತ್ರವಿರಲಿ. ಸಹಪಾಠಿಗಳು ಮೂರು ಪ್ರಶ್ನೆ ಕೇಳಲಿ. ವ್ಯಾಕರಣದೋಷವನ್ನು ಉಪಾಧ್ಯಾಯರು ಆ ಬಳಿಕ ತಿದ್ದಲಿ, ನಡುವೆ ಬಾಯಿ ಕಟ್ಟದಿರಲಿ.

ತರಗತಿಗಳು ದೊಡ್ಡವು, ಫಲಿತಾಂಶದ ಒತ್ತಡ ಬಹಳ, ಇದಕ್ಕೆಲ್ಲ ವೇಳೆ ಎಲ್ಲಿ ಎಂದು ಉಪಾಧ್ಯಾಯರು ಕೇಳಬಹುದು. ಈ ಕಷ್ಟವನ್ನು ನಾವು ಅಲ್ಲಗಳೆಯುವುದಿಲ್ಲ. ನಕಲಿನ ನಾಲ್ಕು ಪ್ರಬಂಧಗಳ ಬದಲು ಅರ್ಧವರ್ಷಕ್ಕೆ ಸ್ವಂತದ್ದೊಂದೇ ಸಾಕು. ತಪಾಸಣೆಗೆ ಬರುವ ಅಧಿಕಾರಿಗಳೂ ಅಂಕಪಟ್ಟಿಗೆ ರುಜು ಹಾಕಿ ಹೊರಡದೆ, ಒಬ್ಬ ಹುಡುಗಿಯನ್ನೋ ಹುಡುಗನನ್ನೋ ಕರೆದು, ಅವರೇ ಬರೆದ ಪ್ರಬಂಧದ ಮೇಲೆ ಎರಡು ಪ್ರಶ್ನೆ ಕೇಳಲಿ. ಆ ಪ್ರಶ್ನೆ ಬರುವುದೆಂಬ ಅರಿವೊಂದಿದ್ದರೆ ಗೈಡಿನ ವ್ಯಾಪಾರವು ತಾನೇ ಇಳಿಯುವುದು. ನಮ್ಮ ಮಕ್ಕಳು ನಾಳೆ ಧಾರವಾಡಕ್ಕೋ ಬೆಂಗಳೂರಿಗೋ ಹೋಗಿ ನಿಂತಾಗ, ಅವರಲ್ಲಿ ಯಾರಾದರೂ ಕೇಳುವುದು ಹಳೆಯ ಅಂಕಗಳನ್ನಲ್ಲ, 'ನೀನೇನು ಹೇಳುತ್ತೀ?' ಎಂಬುದನ್ನು. ಆ ದಿನ ಅವರು ಮೂಕರಾಗದಂತೆ ನೋಡಿಕೊಳ್ಳುವ ಹೊಣೆ ಇಂದಿನ ಹಿರಿಯರದು.